ಗುರುಸಿದ್ದಪ್ಪ ಮಾಸ್ತರರ ಓಟು

ಕಳೆದ ತಿಂಗಳು ಒಂದು ತರಬೇತಿಗೆಂದು ಜಮಖಂಡಿಯ ಕಾಲೇಜಿಗೆ ಹೋಗಿದ್ದೆ. ಕೆಳಗಿನ ವರಾಂಡದಲ್ಲಿ ಇಬ್ಬರು ಗುಮಾಸ್ತರು ಉತ್ತರ ಪತ್ರಿಕೆಗಳ ಕಟ್ಟುಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದರು. ಬಿಸಿಲಿಗೆ ಕಾದ ಕಲ್ಲುನೆಲ, ಅದರ ಮೇಲೆ ಮುಚ್ಚಳ ತೆರೆದಿಟ್ಟ ಗೋಂದಿನ ಬಾಟಲಿ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಂಬದ ಹತ್ತಿರ ನಿಂತುಬಿಟ್ಟೆ. ಜೊತೆಗೆ ಬಂದಿದ್ದ ಶಿಕ್ಷಕಿ, ‘ಯಾಕ್ರಿ, ತಲಿ ತಿರಗಾಕತ್ತೇತೇನು?’ ಎಂದು ಕೇಳಿದಳು. ಇಲ್ಲ ಎಂದೆ. ಕೆಲವು ವರ್ಷಗಳ ಹಿಂದೆ, ವಿಧಾನಸಭೆ ಚುನಾವಣೆ ನಡೆದ ಬೇಸಿಗೆಯಲ್ಲಿ, ಇದೇ ವರಾಂಡದಲ್ಲಿ ಓಟು ಹಾಕುವುದಕ್ಕಾಗಿ ಒಂದಿಡೀ ಹಗಲು ಕಳೆದಿದ್ದೆ. ಆ ದಿನ ನನ್ನ ಓಟಿಗಿಂತ ಇನ್ನೊಬ್ಬರ ಓಟಿನ ಚಿಂತೆಯೇ ನನಗೆ ಹೆಚ್ಚಾಗಿತ್ತು.

ನಾನು ಬನಹಟ್ಟಿಯ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ. ಕರೆಂಟು ಇದ್ದಷ್ಟು ಹೊತ್ತು ಮಾತಾಡುವವರು ಜೋರಾಗಿಯೇ ಮಾತಾಡಬೇಕು. ಕರೆಂಟು ಹೋದಾಗ ಅದೇ ಜೋರಿನಲ್ಲಿ ಆಡಿದ ಅರ್ಧ ಮಾತು ಇಡೀ ಓಣಿಗೆ ಕೇಳಿಸುತ್ತದೆ. ಆ ಬೇಸಿಗೆಯಲ್ಲಿ ಕರೆಂಟು ಬಹಳ ಸಲ ಹೋಗುತ್ತಿತ್ತು. ಮಕ್ಕಳ ಫಲಿತಾಂಶ ಓದಿ ಹೇಳಿ, ಹಿಪ್ಪರಗಿಯ ತವರುಮನೆಗೆ ಹದಿನೈದು ದಿನದ ಮಟ್ಟಿಗೆ ಹೋಗಲು ನಾನು ಬಟ್ಟೆ ಕಟ್ಟಿ ಇಟ್ಟಿದ್ದೆ. ಹೊಳೆಯ ಕಡೆಯ ಗಾಳಿ, ಅಣ್ಣನ ಹೊಲದ ಕಬ್ಬು, ಮಧ್ಯಾಹ್ನದ ನಿದ್ದೆ, ಇಷ್ಟೇ ನನ್ನ ಆಸೆಯಾಗಿತ್ತು. ಅಷ್ಟರಲ್ಲಿ ಚುನಾವಣೆ ಕೆಲಸದ ಆದೇಶ ಬಂತು. ನನ್ನ ಓಟು ಇದ್ದದ್ದು ಬನಹಟ್ಟಿ ಸೇರುವ ತೇರದಾಳ ಕ್ಷೇತ್ರದಲ್ಲಿ, ಕೆಲಸ ಹಾಕಿದ್ದು ಜಮಖಂಡಿ ಕ್ಷೇತ್ರದಲ್ಲಿ.

ಆದೇಶದ ಹಾಳೆ ಹಿಡಿದುಕೊಂಡು ಮುಖ್ಯ ಗುರುಗಳ ಕೋಣೆಗೆ ಹೋದೆ. ನಮ್ಮ ಮುಖ್ಯ ಗುರುಗಳು ಗುರುಸಿದ್ದಪ್ಪ ಮಾಸ್ತರರು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಹಣೆಯಲ್ಲಿ ತೆಳುವಾದ ವಿಭೂತಿ. ಆಗ ಅವರ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನು ಮಳೆಗಾಲಕ್ಕೆ ಎಂದು ಮುಂದೂಡಿದ್ದರು.

‘ಸರ್, ನನಗ ಬಿಸಲಾಗ ತಲಿಶೂಲಿ ಬರತೇತಿ. ಇದನ್ನ ತಪ್ಪಿಸಾಕ ಏನರೆ ಹಾದಿ ಐತೇನ್ರಿ?’ ಎಂದು ಕೇಳಿದೆ.

ಅವರು ನಕ್ಕರು. ‘ಈ ವಾರ ತಾಲೂಕಿನಾಗ ಎಲ್ಲಾ ಮಾಸ್ತರರಿಗೂ ತಲಿಶೂಲಿ ಬಂದೇತಿ ತಂಗಿ. ನಾನೂ ಕಣ್ಣಿನ ಕಾಗದಾ ತಗೊಂಡು ಹೋಗಿ ಕೇಳಿ ಬಂದೆ. ಮಂದಿ ಕಮ್ಮಿ ಅದಾರ, ನಿಮ್ಮನ್ನ ರಿಸರ್ವ್ ಇಡತೀವಿ, ಇರ್ರಿ ಅಂದ್ರು.’

ಅವರ ಮೇಜಿನ ಮೇಲೂ ನನ್ನದರಂಥದೇ ಹಾಳೆ ಇತ್ತು. ತವರಿಗೆ ಫೋನು ಮಾಡಿ ಬರುವುದಿಲ್ಲ ಎಂದು ತಿಳಿಸಿದೆ.

ಮೊದಲ ತರಬೇತಿಯ ದಿನ ಎಲ್ಲರ ಕೈಗೂ ಒಂದು ಅರ್ಜಿ ಬಂತು. ಬೇರೆ ಕ್ಷೇತ್ರದಲ್ಲಿ ಕೆಲಸ ಇರುವವರು ಮತದಾನದ ದಿನ ತಮ್ಮ ಊರಿಗೆ ಹೋಗುವಂತಿಲ್ಲ. ಅವರಿಗಾಗಿ ಅಂಚೆ ಮತಪತ್ರ ಇರುತ್ತದೆ. ಯಂತ್ರದ ಗುಂಡಿ ಒತ್ತುವ ಬದಲು ಕಾಗದದ ಮೇಲೆ ಗುರುತು ಹಾಕಿ, ಲಕೋಟೆಯಲ್ಲಿಟ್ಟು, ಚುನಾವಣೆಗೆ ಮೊದಲೇ ಪೆಟ್ಟಿಗೆಗೆ ಹಾಕುವುದು. ಮುಂಚೆ ಅದು ಮನೆಗೆ ಅಂಚೆಯಲ್ಲಿ ಬರುತ್ತಿತ್ತು. ಆ ವರ್ಷ ತರಬೇತಿ ಕೇಂದ್ರದಲ್ಲೇ ಹಾಕಿ ಹೋಗಬೇಕೆಂದು ಹೇಳಿದರು. ಅರ್ಜಿಯಲ್ಲಿ ಹೆಸರು, ಕ್ಷೇತ್ರ, ಮತದಾರರ ಯಾದಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ತುಂಬಬೇಕು. ಅಕ್ಷರ ಇರುವೆಗಿಂತ ಸಣ್ಣವು.

ಮಾಸ್ತರರು ಅರ್ಜಿಯನ್ನು ಕಣ್ಣಿನ ಹತ್ತಿರ, ದೂರ ಹಿಡಿದು ನೋಡಿ ನನ್ನ ಕಡೆ ಚಾಚಿದರು. ‘ನೀವ ಬರದು ಕೊಡ್ರಿ ತಂಗಿ. ನಾ ಸಹಿ ಮಾಡತೀನಿ.’

ಮೇಲೆ ಫ್ಯಾನು ನಿಂತಿತ್ತು. ಕೋಣೆಯ ತುಂಬ ಬೆವರು, ಗದ್ದಲ. ಹೊರಗೆ ಬನಹಟ್ಟಿಯ ಬಸ್ಸು ಹೊರಡುವ ಹೊತ್ತಾಗಿತ್ತು. ನಾನು ನನ್ನ ಅರ್ಜಿ ತುಂಬಿದೆ, ಅದೇ ಓಟದಲ್ಲಿ ಅವರದನ್ನೂ ತುಂಬಿದೆ. ಅವರು ಸಹಿ ಮಾಡಿದರು. ಎರಡನ್ನೂ ಒಟ್ಟಿಗೆ ಕೊಟ್ಟು ಬಸ್ಸು ಹಿಡಿದೆವು. ಒಂದು ಅರ್ಜಿ ತುಂಬಲು ಹಿಡಿಯುವಷ್ಟು ಹೊತ್ತು ಕೂಡ ನಾನು ಆ ಕೆಲಸದ ಬಗ್ಗೆ ಯೋಚಿಸಿರಲಿಲ್ಲ. ನನ್ನ ಮಟ್ಟಿಗೆ ಅದು ಚುನಾವಣೆಯ ಹತ್ತಾರು ಹಾಳೆಗಳಲ್ಲಿ ಇನ್ನೊಂದು ಹಾಳೆಯಾಗಿತ್ತು.

ಎರಡನೆಯ ತರಬೇತಿ ಈ ಕಾಲೇಜಿನಲ್ಲೇ ನಡೆಯಿತು. ಓಟು ಹಾಕಲು ಅದೇ ಕೊನೆಯ ದಿನ. ಮುಂಜಾನೆಯ ಪಾಠ ಮುಗಿಯುವ ಹೊತ್ತಿಗೆ ಜನ ವರಾಂಡಕ್ಕೆ ಓಡಿಯಾಗಿತ್ತು. ಮಾಸ್ತರರೂ ನಾನೂ ಹೊರಗೆ ಬಂದಾಗ ಸಾಲು, ಓಟು ಹಾಕಿಸುತ್ತಿದ್ದ ದೊಡ್ಡ ಹಾಲಿನ ಬಾಗಿಲಿನಿಂದ ಶುರುವಾಗಿ, ವರಾಂಡ ದಾಟಿ, ಮೆಟ್ಟಿಲಿಳಿದು, ಅಂಗಳದ ಬೇವಿನ ಮರ ಸುತ್ತಿ ಗೇಟಿನ ಹತ್ತಿರ ಬಂದಿತ್ತು. ಮುಧೋಳದವರು, ಬೀಳಗಿಯವರು, ನಮ್ಮ ಕಡೆಯವರು. ಮಾಸ್ತರರು, ನರ್ಸುಗಳು, ಬ್ಯಾಂಕಿನವರು. ಕೆಲವರು ಆದೇಶದ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು, ಕೆಲವರು ಅದನ್ನೇ ತಲೆಯ ಮೇಲೆ ಹೊದ್ದಿದ್ದರು.

ನಮ್ಮ ಮುಂದೆ ಮುಧೋಳದ ಕಡೆಯ ಒಬ್ಬ ಪಿ.ಟಿ. ಮಾಸ್ತರ ನಿಂತಿದ್ದ. ಹೆಸರು ಮಹಾವೀರ. ಎತ್ತರದ ಆಳು, ಮೈದಾನದಲ್ಲಿ ಕೂಗಿ ಕೂಗಿ ದಪ್ಪಗಾದ ದನಿ. ಯಾರಾದರೂ ನಡುವೆ ನುಸುಳಲು ಬಂದರೆ, ‘ಹಿಂದ ಹೋಗ್ರಿ ಸರ್, ಪಾಳೆ ಅಲ್ಲಿಂದ ಹಚ್ಯಾರ’ ಎಂದು ಕೈ ತೋರಿಸುತ್ತಿದ್ದ. ಬಂದವರು ತೆಪ್ಪಗೆ ಹಿಂದೆ ಹೋಗುತ್ತಿದ್ದರು.

ಅರ್ಧ ತಾಸಿನಲ್ಲಿ ನಾವು ಹತ್ತು ಹೆಜ್ಜೆಯಷ್ಟೂ ಮುಂದೆ ಹೋಗಿರಲಿಲ್ಲ. ನನಗೆ ಬೇಸರ ಬಂತು.

‘ಸರ್, ಒಂದು ಓಟಿಗೆ ಇಷ್ಟು ಒದ್ದಾಡಬೇಕೇನ್ರಿ? ಹೋಗೂಣ ನಡೀರಿ’ ಎಂದೆ.

ಮಾಸ್ತರರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ‘ನೀವು ಹೋಗ್ರಿ ತಂಗಿ. ನಾ ನಿಂದರತೀನಿ. ನನ್ನ ಸರ್ವಿಸ್‌ನ್ಯಾಗ ಒಂದೂ ಓಟು ನೆಟ್ಟಗ ಬಿದ್ದಿಲ್ಲ’ ಎಂದರು.

ಆಮೇಲೆ, ಸಾಲು ಹೆಜ್ಜೆ ಹೆಜ್ಜೆಗೆ ಸರಿಯುತ್ತಿದ್ದ ಹಾಗೆ, ಅವರು ಅದನ್ನು ಹೇಳಿದರು. ಅವರ ಊರು ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಆಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗಿತು. ಜನರನ್ನು ಎತ್ತರದ ಬಯಲಿಗೆ ಸಾಗಿಸಿ ಹೊಸ ಊರು ಮಾಡಿದರು. ತಮ್ಮ ಮತ್ತು ತಾಯಿ ಅಲ್ಲೇ ಇದ್ದಾರೆ. ಇವರಿಗೆ ನೌಕರಿ ಹತ್ತಿದ್ದು ಬನಹಟ್ಟಿ ಕಡೆ. ಹೆಸರನ್ನು ಬನಹಟ್ಟಿಯ ಯಾದಿಗೆ ಬದಲಿಸಿಕೊಳ್ಳಿ ಎಂದು ಬಹಳ ಜನ ಹೇಳಿದ್ದರಂತೆ.

‘ಹೊಲಾ ನೀರಾಗ ಹೋತು, ಮನಿ ಹೋತು, ನಾ ಕಲ್ತ ಸಾಲೀನೂ ಹೋತು’ ಎಂದರು. ‘ನಾ ಆ ಊರಾಂವ ಅಂತ ಹೇಳೂದು ಇದೊಂದ ಯಾದಿ ಉಳದೇತಿ. ಅಲ್ಲಿಂದೂ ಹೆಸರು ತಗಸಾಕ ಮನಸ್ಸು ಬರಲಿಲ್ಲ.’

ಹಾಗಾಗಿ ಪ್ರತಿ ಚುನಾವಣೆಗೂ ಅವರದು ಅಂಚೆ ಮತ. ಒಮ್ಮೆ ಮತಪತ್ರ ಮನೆಗೆ ಬಂದಾಗ ಎಣಿಕೆಯೇ ಮುಗಿದಿತ್ತು. ಒಮ್ಮೆ ಬರಲೇ ಇಲ್ಲ. ಮತ್ತೊಮ್ಮೆ ಸಮಯಕ್ಕೆ ಸರಿಯಾಗಿ ಬಂತು, ಗುರುತು ಹಾಕಿ ಕಳಿಸಿದರು. ಆ ಸಲ ಅವರಿಗೇ ಎಣಿಕೆಯ ಕೆಲಸವೂ ಬಂದಿತ್ತು. ಅಂಚೆ ಮತಗಳನ್ನು ಬಿಚ್ಚುವ ಮೇಜಿನಲ್ಲಿ ಕೂತಿದ್ದಾಗ ತಮ್ಮ ಸಹಿ ಇದ್ದ ಲಕೋಟೆಯೇ ಎದುರಿಗೆ ಬಂತಂತೆ. ಮೇಲಿನ ಲಕೋಟೆ ಒಡೆದರು. ಅದರೊಳಗೆ, ಈ ಓಟು ನನ್ನದೇ ಎಂದು ಸಹಿ ಮಾಡಿದ ಘೋಷಣಾ ಪತ್ರ ಬೇರೆಯಾಗಿ ಇರಬೇಕಿತ್ತು. ಇವರು ಅದನ್ನು ಮರೆತು ಮತಪತ್ರದ ಜೊತೆ ಒಳಲಕೋಟೆಯಲ್ಲೇ ಇಟ್ಟು ಅಂಟಿಸಿದ್ದರು. ಘೋಷಣಾ ಪತ್ರ ಇಲ್ಲ ಎಂದಾದರೆ ಒಳಲಕೋಟೆ ತೆರೆಯುವ ಹಾಗಿಲ್ಲ. ಅಧಿಕಾರಿ ‘ತಿರಸ್ಕೃತ’ ಎಂದು ಬರೆದು ಬದಿಗಿಟ್ಟರು.

‘ನೀವು ಏನೂ ಅನ್ನಲಿಲ್ಲೇನ್ರಿ?’ ಎಂದು ಕೇಳಿದ್ದು ಮಹಾವೀರ. ಅವನೂ ತಿರುಗಿ ನಿಂತು ಕೇಳುತ್ತಿದ್ದ.

‘ಏನನ್ನಲಿಪ್ಪಾ? ಇದು ನಂದು ಅಂತ ಹೇಳಾಕ ಬರೂದಿಲ್ಲ. ಮುಂದಿನ ಲಕೋಟಿ ಬಿಚ್ಚಿದ್ರು, ನಾ ಬರಕೊಂತ ಕುಂತೆ.’

ಅವರ ತಾಯಿಗೆ ವಯಸ್ಸು ಎಂಬತ್ತು ದಾಟಿತ್ತು. ಆ ವರ್ಷ ಅಂಥವರ ಮನೆಗೇ ಹೋಗಿ ಓಟು ಹಾಕಿಸಿಕೊಳ್ಳುವ ವ್ಯವಸ್ಥೆ ಬಂದಿತ್ತು. ಹಿಂದಿನ ದಿನ ಸಿಬ್ಬಂದಿ ಮನೆಗೆ ಬಂದು, ಕಾಗದದ ಮೇಲೆ ಗುರುತು ಹಾಕಿಸಿಕೊಂಡು, ಲಕೋಟೆ ಅಂಟಿಸಿ ಒಯ್ದಿದ್ದರು. ಆಕೆ ಮಗನಿಗೆ ಫೋನು ಮಾಡಿ, ‘ನಂದು ಆತು. ನಿಂದು?’ ಎಂದು ಕೇಳಿದ್ದಳಂತೆ.

‘ನಾಳೆ ಆಗತೈತಿ ಅಂತ ಹೇಳೇನಿ’ ಎಂದು ಮಾಸ್ತರರು ಸಾಲಿನ ಮುಂಭಾಗವನ್ನು ಇಣುಕಿ ನೋಡಿದರು.

ನಾನು ಮತ್ತೆ ಮನೆಗೆ ಹೋಗುವ ಮಾತೆತ್ತಲಿಲ್ಲ.

ಹಾಲಿನ ಬಾಗಿಲು ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ನಿಂತಲ್ಲೇ ಹಂಚಿಕೊಂಡು ತಿಂದಿದ್ದೆವು. ಬಾಗಿಲಲ್ಲಿ ಒಬ್ಬ ಗುಮಾಸ್ತ ಯಾದಿ ನೋಡಿ, ಅವರವರ ಕ್ಷೇತ್ರದ ಮೇಜಿಗೆ ಕಳಿಸುತ್ತಿದ್ದ. ಮಹಾವೀರನ ಹೆಸರು ಸಿಕ್ಕಿತು, ಒಳಗೆ ಹೋದ. ನನ್ನ ಹೆಸರು ತೇರದಾಳದ ಯಾದಿಯಲ್ಲಿತ್ತು. ಗುರುಸಿದ್ದಪ್ಪ ಮಾಸ್ತರರ ಹೆಸರು ಬೀಳಗಿಯ ಯಾದಿಯಲ್ಲಿ ಇರಲಿಲ್ಲ. ಗುಮಾಸ್ತ ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ನೋಡಿದ.

‘ಇಲ್ಲರಿ ಸರ್.’

‘ನೋಡಪಾ ಮತ್ತೊಮ್ಮೆ. ಅರ್ಜಿ ಕೊಟ್ಟೇನಿ.’

ಅವನು ಬದಿಯ ಕಟ್ಟು ಬಿಚ್ಚಿದ. ಒಪ್ಪಿಗೆಯಾಗದ ಅರ್ಜಿಗಳ ಪ್ರತಿಗಳು ಅವು. ಒಂದನ್ನು ಎಳೆದು ಮುಂದೆ ಇಟ್ಟ. ‘ನಿಮ್ಮದು ತೇರದಾಳಕ್ಕ ಹೋಗೇತ್ರಿ. ಅಲ್ಲಿ ಯಾದ್ಯಾಗ ನಿಮ್ಮ ಹೆಸರ ಇಲ್ಲಂತ ತಿರಸ್ಕಾರ ಮಾಡ್ಯಾರ.’

ನಾನು ಬಗ್ಗಿ ನೋಡಿದೆ. ಹೆಸರು ಗುರುಸಿದ್ದಪ್ಪ ಮಾಸ್ತರರದು. ಕೆಳಗಿನ ಸಹಿ ಅವರದು. ಕ್ಷೇತ್ರದ ಜಾಗದಲ್ಲಿ ದುಂಡಗೆ, ಸ್ಪಷ್ಟವಾಗಿ ‘ತೇರದಾಳ’ ಎಂದು ಬರೆದಿತ್ತು. ಆ ಅಕ್ಷರ ನನ್ನದು. ನನ್ನ ಅರ್ಜಿಯಲ್ಲಿ ಬರೆದದ್ದನ್ನೇ ಅದೇ ಓಟದಲ್ಲಿ ಅವರ ಅರ್ಜಿಯಲ್ಲೂ ಬರೆದುಬಿಟ್ಟಿದ್ದೆ.

ಮಾಸ್ತರರು ಆ ಹಾಳೆಯನ್ನು ಎಡಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಡಚದೆ, ಹಾಗೇ ಮೇಜಿನ ಮೇಲಿಟ್ಟರು.

‘ಆತು ಬಿಡ್ರಿ’ ಎಂದರು. ಕೋಪದಿಂದ ಅಲ್ಲ. ಬಸ್ಸು ತಪ್ಪಿದವರು ಹೇಳುವ ಹಾಗೆ.

ಗುಮಾಸ್ತ ನನ್ನತ್ತ ತಿರುಗಿ, ‘ಅಕ್ಕಾರ, ನಿಮ್ಮದು ಐತಿ. ಒಳಗ ಹೋಗ್ರಿ’ ಎಂದ.

‘ನಂದು ಆಮ್ಯಾಲ’ ಎಂದೆ. ಹಿಂದಿನವರಿಗೆ ದಾರಿ ಬಿಟ್ಟು, ಮಾಸ್ತರರನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿ, ಹಾಲಿನ ತುದಿಯಲ್ಲಿ ಕೂತಿದ್ದ ಅಧಿಕಾರಿಯ ಹತ್ತಿರ ಹೋದೆ.

ಆಕೆ ನನಗಿಂತ ಚಿಕ್ಕವಳು. ಎದುರಿಗೆ ಲ್ಯಾಪ್‌ಟಾಪು, ಎರಡು ಫೋನು, ಅರ್ಧ ತಿಂದು ಬಿಟ್ಟ ಇಡ್ಲಿಯ ಪೊಟ್ಟಣ. ಏನಾಗಿದೆ ಎಂದು ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಮಾಸ್ತರರಿಗೆ ಹೇಳಲಾಗದ್ದು ಆಕೆಯ ಮುಂದೆ ಸುಲಭವಾಗಿ ಬಾಯಿಗೆ ಬಂತು.

‘ಅರ್ಜಿ ಕೊಡೂ ದಿನಾ ಮುಗದೇತ್ರಿ ಮೇಡಂ’ ಎಂದಳು. ನನ್ನ ಮುಖ ನೋಡಿ ಸ್ವಲ್ಪ ತಡೆದಳು. ‘ಆದ್ರ ಬೀಳಗಿ ಚುನಾವಣಾಧಿಕಾರಿ ಮನಸ್ಸು ಮಾಡಿದ್ರ ತಡಾ ಆದ ಅರ್ಜಿನೂ ತಗೋಬಹುದು. ಹೊಸಾ ಅರ್ಜಿ ಬರೀರಿ. ಅವರ ಓಟರ್ ಕಾರ್ಡಿಂದು, ಡ್ಯೂಟಿ ಆದೇಶದ್ದು ಝೆರಾಕ್ಸ್ ತರ್ರಿ. ನಾ ಬೀಳಗಿಗೆ ಕಳಸ್ತೀನಿ. ಐದಕ್ಕ ಬಾಗಲಾ ಹಾಕೂದು. ಅಷ್ಟರಾಗ ಒಪ್ಪಿಗಿ ಬಂದ್ರ ಆತು, ಬರಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ.’

ಮಾಸ್ತರರ ಕಾರ್ಡು ಅವರ ಪಾಕೀಟಿನಲ್ಲೇ ಇತ್ತು. ಅದನ್ನೂ ಆದೇಶವನ್ನೂ ಇಸಿದುಕೊಂಡು ಹೊರಬಿದ್ದೆ. ಗೇಟಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಇರಲಿಲ್ಲ. ಪಕ್ಕದ್ದರಲ್ಲೂ ಇರಲಿಲ್ಲ. ‘ನಾಕಕ್ಕ ಬರತೈತ್ರಿ’ ಎಂದ ಅಂಗಡಿಯವನು, ಕತ್ತಲಲ್ಲಿ ಕೂತೇ. ಒಂದು ಆಟೋ ಹಿಡಿದು ಮಾರ್ಕೆಟ್ಟಿಗೆ ಹೋದೆ, ಅಲ್ಲಿಯೂ ಹಾಗೇ. ಕೋರ್ಟಿನ ಹತ್ತಿರ ನೋಡಿ, ವಕೀಲರ ಕಾಗದಪತ್ರಕ್ಕಾಗಿ ಬ್ಯಾಟರಿ ಇಟ್ಟಿರುತ್ತಾರೆ ಎಂದು ಆಟೋದವನೇ ಹೇಳಿ ಕರೆದೊಯ್ದ. ಅಲ್ಲೊಂದು ಅಂಗಡಿಯಲ್ಲಿ ಯಂತ್ರ ನಡೆಯುತ್ತಿತ್ತು. ನನ್ನ ಮುಂದೆ ನಾಲ್ಕು ಜನ ಕಟ್ಟುಗಟ್ಟಲೆ ಕಾಗದ ಹಿಡಿದು ನಿಂತಿದ್ದರು. ಮುಂದಿದ್ದ ವಯಸ್ಸಾದ ವಕೀಲರಿಗೆ, ‘ಓಟಿನ ಕೆಲಸ ಐತ್ರಿ, ಎರಡ ಹಾಳಿ’ ಎಂದೆ. ಅವರು ಮಾತಿಲ್ಲದೆ ತಮ್ಮ ಕಟ್ಟನ್ನು ಹಿಂದಕ್ಕೆಳೆದುಕೊಂಡರು. ಬೆಚ್ಚಗಿನ ಎರಡು ಹಾಳೆ ಹಿಡಿದುಕೊಂಡು ಅದೇ ಆಟೋದಲ್ಲಿ ಕಾಲೇಜಿಗೆ ಮರಳಿದೆ.

ಹೊಸ ಅರ್ಜಿಯನ್ನು ಬೆಂಚಿನ ಮೇಲೆ ಮಾಸ್ತರರ ಪಕ್ಕ ಕೂತು ತುಂಬಿದೆ. ಈ ಸಲ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದುತ್ತ ಬರೆದೆ. ‘ಕ್ಷೇತ್ರ, ಬೀಳಗಿ’ ಎಂದೆ. ಅವರು ‘ಹೂಂ’ ಎಂದರು. ಅಂಕಿಗಳನ್ನು ಕಾರ್ಡಿನ ಜೊತೆ ಮೂರು ಸಲ ತಾಳೆ ನೋಡಿದೆ. ಅಧಿಕಾರಿ ಎಲ್ಲದರ ಫೋಟೋ ತೆಗೆದು ಬೀಳಗಿಗೆ ಕಳಿಸಿ, ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ‘ಸಾಹೇಬ್ರು ತರಬೇತಿಯೊಳಗ ಅದಾರಂತ. ಕುಂದರ್ರಿ’ ಎಂದಳು.

ಕಾಯುವುದೆಂದರೇನು ಎಂದು ನನಗೆ ಗೊತ್ತಾದದ್ದು ಆಗ. ಸಾಲಿನಲ್ಲಿ ನಿಂತಾಗ ಒಂದು ಹೆಜ್ಜೆಯಾದರೂ ಮುಂದೆ ಹೋಗುತ್ತೇವೆ. ಬೆಂಚಿನ ಮೇಲೆ ಅದೂ ಇಲ್ಲ. ಮಧ್ಯಾಹ್ನದ ತಂಡದ ತರಬೇತಿ ಮುಗಿದು ಹೊಸ ಜನ ಬಂದು ಸೇರಿದರು. ಅಂಗಳದ ಸಾಲು ಮತ್ತೆ ಗೇಟು ಮುಟ್ಟಿತು. ಮಾಸ್ತರರು ಎರಡು ಸಲ, ‘ನೀವು ನಿಮ್ಮ ಓಟಾದ್ರೂ ಹಾಕಿ ಬರ್ರಿ ತಂಗಿ’ ಎಂದರು. ನಾನು ಎರಡು ಸಲವೂ ಏನೋ ನೆವ ಹೇಳಿದೆ. ಅವರ ಫೋನು ಒಮ್ಮೆ ರಿಂಗಾಯಿತು. ನೋಡಿ ಎತ್ತದೆ ಕಿಸೆಗೆ ಹಾಕಿದರು. ತಾಯಿಯದು ಎಂದು ನನಗೆ ತಿಳಿಯಿತು.

ಮಹಾವೀರ ತನ್ನ ಓಟು ಮುಗಿಸಿ ಯಾವಾಗಲೋ ಹೋಗಬೇಕಿತ್ತು. ಹೋಗದೆ ಅಂಗಳದ ಸಾಲಿನ ತುದಿಯಲ್ಲಿ ನಿಂತಿದ್ದ. ನಾಲ್ಕೂವರೆಯ ಹೊತ್ತಿಗೆ ಬಂದು, ‘ಸರ್, ಐದಕ್ಕ ಗೇಟ್ ಹಾಕಿದ ಮ್ಯಾಲ ಪಾಳ್ಯಾಗ ಇದ್ದಾವರಿಗಷ್ಟ ಓಟು. ನೀವಿಲ್ಲಿ ಬೆಂಚಿನ ಮ್ಯಾಲ ಕುಂತ್ರ ಲೆಕ್ಕಕ್ಕ ಬರೂದಿಲ್ಲ. ನಾ ಪಾಳೆ ಹಿಡಿದು ನಿಂತೇನಿ, ನಡೀರಿ’ ಎಂದ. ನಮ್ಮಿಬ್ಬರನ್ನೂ ತನ್ನ ಜಾಗದಲ್ಲಿ ನಿಲ್ಲಿಸಿ ತಾನು ಬದಿಗೆ ಸರಿದ. ಹಿಂದಿದ್ದ ಇಬ್ಬರು ನರ್ಸುಗಳಿಗೆ ಅವನು ಮೊದಲೇ ಎಲ್ಲ ಹೇಳಿಟ್ಟಿದ್ದ. ಅವರು ತಕರಾರು ಮಾಡಲಿಲ್ಲ. ಒಬ್ಬಳು ಮಾಸ್ತರರಿಗೆ ನೀರಿನ ಬಾಟಲಿ ಕೊಟ್ಟಳು.

ಐದಕ್ಕೆ ಗೇಟು ಮುಚ್ಚಿತು. ಆ ಅಧಿಕಾರಿ ತಾನೇ ಹೊರಗೆ ಬಂದು, ಸಾಲಿನ ಕಟ್ಟಕಡೆಯವರಿಂದ ಶುರುಮಾಡಿ, ನಂಬರು ಬರೆದು ಸಹಿ ಮಾಡಿದ ಚೀಟಿ ಹಂಚುತ್ತ ಮುಂದೆ ಬಂದಳು. ಇನ್ನು ಹೊಸಬರಾರೂ ಸೇರುವಂತಿಲ್ಲ. ಚೀಟಿ ಇದ್ದವರಿಗೆ ಎಷ್ಟು ಹೊತ್ತಾದರೂ ಓಟಿದೆ. ನಮ್ಮ ಹತ್ತಿರ ಬಂದಾಗ ನಾನು, ‘ಬೀಳಗಿಯಿಂದ ಬಂತೇನ್ರಿ?’ ಎಂದು ಕೇಳಿದೆ.

‘ಇನ್ನಾ ಇಲ್ರಿ.’ ಆಕೆ ಎರಡು ಚೀಟಿ ಕೊಟ್ಟಳು. ‘ಇದು ನಿಮ್ಮದು, ಇದು ಸರ್‌ದು. ಚೀಟಿ ಕೊಟ್ಟ ಮ್ಯಾಲ ನಿಮ್ಮ ಪಾಳೆ ಮುಗಿಯೂತನಕ ನಾ ಏಳೂದಿಲ್ಲ. ಹೆದರಬ್ಯಾಡ್ರಿ.’

ಆ ಮಾತಿನಿಂದ ಒಪ್ಪಿಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಬಿಸಿಲು ಬೇವಿನ ಮರದ ಆಚೆ ಸರಿದಿತ್ತು. ಸಾಲು ಈಗ ಬೇಗ ಬೇಗ ಕರಗುತ್ತಿತ್ತು. ಮುಂಜಾನೆ ಅದು ನಿಧಾನ ಎಂದು ಬೈದುಕೊಂಡವಳು ಈಗ, ಇನ್ನೂ ಸ್ವಲ್ಪ ನಿಧಾನವಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ನಾವು ಮೆಟ್ಟಿಲ ಮೇಲೆ ಇದ್ದಾಗ ಹಾಲಿನ ಬಾಗಿಲಲ್ಲಿ ಗುಮಾಸ್ತ ಕಾಣಿಸಿಕೊಂಡ. ಕೈಯಲ್ಲಿ ಒಂದು ಹಾಳೆ. ‘ಗುರುಸಿದ್ದಪ್ಪ ಸರ್ ಯಾರ್ರಿ? ಬೀಳಗಿಯಿಂದ ಒಪ್ಪಿಗಿ ಬಂತ್ರಿ’ ಎಂದು ಕೂಗಿದ.

ಮಾಸ್ತರರು ಕೈ ಎತ್ತಿದರು, ಹಾಜರಿ ಕರೆದಾಗ ಮಕ್ಕಳು ಎತ್ತುವ ಹಾಗೆ. ಹಿಂದಿದ್ದ ನರ್ಸು ನನ್ನ ಭುಜ ಹಿಡಿದು ಅಲುಗಿಸಿದಳು. ಮಹಾವೀರ ಗೇಟಿನ ಹತ್ತಿರ ತನ್ನ ಬೈಕಿನ ಮೇಲೆ ಕೂತಿದ್ದವನು ಎದ್ದು ನಿಂತು, ಕೈ ಬೀಸಿ, ಆಗ ಬೈಕು ಶುರು ಮಾಡಿದ.

ಒಳಗೆ ನಾನು ತೇರದಾಳದ ಮೇಜಿಗೆ, ಅವರು ಬೀಳಗಿಯ ಮೇಜಿಗೆ ಹೋದೆವು. ಮತಪತ್ರ, ಘೋಷಣಾ ಪತ್ರ, ಒಂದು ಸಣ್ಣ ಲಕೋಟೆ, ಒಂದು ದೊಡ್ಡದು. ರಟ್ಟಿನ ಮರೆಯ ಹಿಂದೆ ನಿಂತು ಗುರುತು ಹಾಕಿದೆ. ಎಷ್ಟೋ ಚುನಾವಣೆಗಳಲ್ಲಿ ಯಾವ ಯೋಚನೆಯೂ ಇಲ್ಲದೆ ಗುಂಡಿ ಒತ್ತಿ ಬಂದಿದ್ದ ನಾನು, ಅಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಮಡಚಿ ಸಣ್ಣ ಲಕೋಟೆಗೆ ಹಾಕಿ, ಗೋಂದು ಹಚ್ಚಿ, ಘೋಷಣಾ ಪತ್ರದ ಜೊತೆ ದೊಡ್ಡದರಲ್ಲಿಟ್ಟು ಪೆಟ್ಟಿಗೆಗೆ ಹಾಕಿದೆ.

ಮಾಸ್ತರರು ಇನ್ನೂ ಮೇಜಿನ ಬಳಿಯೇ ಇದ್ದರು. ಸಣ್ಣ ಲಕೋಟೆಯನ್ನು ಅಂಟಿಸಿ ಒಂದು ಕಡೆ, ಘೋಷಣಾ ಪತ್ರವನ್ನು ಇನ್ನೊಂದು ಕಡೆ ಇಟ್ಟುಕೊಂಡಿದ್ದರು.

‘ಮೇಡಂ’ ಎಂದು ಅಧಿಕಾರಿಯನ್ನು ಕರೆದರು. ‘ಈ ಘೋಷಣಾ ಪತ್ರ ದೊಡ್ಡ ಲಕೋಟ್ಯಾಗ, ಸಣ್ಣ ಲಕೋಟಿ ಬಾಜು, ಬ್ಯಾರೆನ ಇರಬೇಕು. ಹೌದಲ್ರಿ?’

‘ಹೌದ್ರಿ ಸರ್.’

‘ಒಮ್ಮೆ ನೀವೂ ನೋಡಿ ಹೇಳ್ರಿ.’

ಆಕೆ ಎದ್ದು ಬಂದು ನೋಡಿದಳು. ‘ಬರೋಬ್ಬರಿ ಐತ್ರಿ’ ಎಂದಳು. ಅವರು ಎರಡನ್ನೂ ಒಳಗಿಟ್ಟು, ಅಂಚಿಗೆ ಗೋಂದು ಹಚ್ಚಿ, ಅಂಗೈಯಿಂದ ಒತ್ತಿ ಒತ್ತಿ ಒರೆಸಿದರು. ಒಣಗಲೆಂದು ಊದಿದರು. ಪೆಟ್ಟಿಗೆಯ ಸೀಳಿನಲ್ಲಿ ಅರ್ಧ ಇಳಿಸಿ ಒಂದು ಕ್ಷಣ ಹಿಡಿದರು. ಬಿಟ್ಟರು. ಒಳಗೆ ಕಾಗದದ ಮೇಲೆ ಕಾಗದ ಬಿದ್ದ ಮೆತ್ತನೆಯ ಸದ್ದು.

ವರಾಂಡಕ್ಕೆ ಬಂದು ಫೋನು ತೆಗೆದರು. ‘ಅವ್ವಾ, ಆತು’ ಎಂದರು. ಆ ಕಡೆಯಿಂದ ಏನೋ ಕೇಳಿದಂತೆ, ‘ಹೂಂ, ನಾ ಕಣ್ಣಾರೆ ನೋಡೇನಿ. ಬಿತ್ತು’ ಎಂದರು. ಆಮೇಲೆ ಸ್ವಲ್ಪ ಹೊತ್ತು ಬೆನ್ನು ತಿರುಗಿಸಿ ನಿಂತರು. ನಾನು ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದೆ. ತಣ್ಣೀರು ಮುಖಕ್ಕೆ ಹಾಕಿಕೊಂಡಾಗಲೇ ಗೊತ್ತಾಯಿತು, ಅಷ್ಟು ಬಿಸಿಲಲ್ಲಿ ತಿರುಗಿದರೂ ಆ ದಿನ ನನಗೆ ತಲೆಶೂಲೆ ಬಂದೇ ಇರಲಿಲ್ಲ.

ಬನಹಟ್ಟಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಎರಡೂ ಬದಿಗೆ ನೀರು ಬಿಟ್ಟ ಕಬ್ಬಿನ ಹೊಲಗಳಿಂದ ತಂಪು ಬರುತ್ತಿತ್ತು. ಹೇಳಲೇಬೇಕಾಗಿತ್ತು, ಹೇಳಿದೆ.

‘ಸರ್, ಆ ಅರ್ಜ್ಯಾಗ ತೇರದಾಳ ಅಂತ ಬರದಾಕಿ ನಾನು.’

‘ಗೊತ್ತು ತಂಗಿ. ಇಷ್ಟು ವರ್ಷ ನಿಮ್ಮ ಹಾಜರಿ ಪುಸ್ತಕ ನೋಡೇನಿ, ನಿಮ್ಮ ಅಕ್ಷರ ಗುರ್ತ ಹಿಡಿಯಂಗಿಲ್ಲೇನು?’

‘ಮತ್ತ ಏನೂ ಅನ್ನಲಿಲ್ಲರಿ.’

‘ಅಕ್ಷರ ನಿಮ್ಮದು, ಸಹಿ ನಂದು. ಓದಿ ಸಹಿ ಮಾಡ್ರಿ ಅಂತ ಹುಡುಗರಿಗೆ ಜೀವಮಾನ ಪೂರ್ತಿ ಹೇಳಿದಾಂವ ನಾನ ಓದಲಿಲ್ಲ.’ ಕಿಟಕಿಯ ಹೊರಗೆ ನೋಡುತ್ತ ಮುಂದುವರಿಸಿದರು, ‘ನೀವು ನಿಮ್ಮ ಪಾಳೆ ಬಿಟ್ಟು ಓಡಾಡಿದ್ರಿ. ಅಷ್ಟ ಸಾಕು. ಇನ್ನ ಅದರ ಮಾತು ಬ್ಯಾಡ.’

ಮುಂದೆ ಅವರು ಆ ಮಾತನ್ನು ಎಂದೂ ತೆಗೆಯಲಿಲ್ಲ. ಮತದಾನದ ದಿನ ರಿಸರ್ವಿನಲ್ಲಿದ್ದ ಅವರನ್ನು ಸಂಜೆ ಬಿಟ್ಟುಕೊಟ್ಟರು. ನನ್ನ ಮತಗಟ್ಟೆಯೂ ಗಲಾಟೆಯಿಲ್ಲದೆ ಮುಗಿಯಿತು. ನಾನು ಒಂದು ವಾರದ ಮಟ್ಟಿಗಾದರೂ ಹಿಪ್ಪರಗಿಗೆ ಹೋಗಿ ಬಂದೆ. ಮಳೆಗಾಲದಲ್ಲಿ ಅವರ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಚಳಿಗಾಲದಲ್ಲಿ ನಿವೃತ್ತರಾಗಿ, ಶಾಲೆಯಲ್ಲಿ ಶಾಲು ಹೊದಿಸಿಕೊಂಡು, ಹೊಸ ಊರಿನ ಮನೆಗೆ ಹೋದರು.

ಮರುವರ್ಷದ ಬೇಸಿಗೆಗೆ ಲೋಕಸಭೆ ಚುನಾವಣೆ ಬಂತು. ನನಗೆ ಮತ್ತೆ ಕೆಲಸ. ಮತದಾನದ ಮರುದಿನ ಮಧ್ಯಾಹ್ನ, ಆಯಾಸದಿಂದ ಮಲಗಿದ್ದಾಗ ಮಾಸ್ತರರ ಫೋನು ಬಂತು.

‘ಓಟು ಹಾಕಿದೆ ತಂಗಿ. ಊರಾಗ, ಬೂತಿಗೆ ಹೋಗಿ. ಎರಡು ತಾಸು ನಿಂತೆ.’

‘ಎರಡು ತಾಸು ಯಾಕ್ರಿ ಸರ್? ವಯಸ್ಸಾದವರಿಗೆ ಬ್ಯಾರೆ ಪಾಳೆ ಇತ್ತಲ್ರಿ.’

‘ಇತ್ತು. ಒಬ್ಬ ಹುಡುಗ ಮಾಸ್ತರ ಬಂದು, ಅಜ್ಜಾರ ನೀವು ಮುಂದ ಬರ್ರಿ ಅಂದ. ನಾ ಬ್ಯಾಡ ಅಂದೆ.’

‘ಯಾಕ್ರಿ?’

ನಮ್ಮ ಓಣಿಯಲ್ಲಿ ಆಗಷ್ಟೇ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು, ಫೋನಿನಲ್ಲಿ ಮಾಸ್ತರರ ಉಸಿರು ಕೂಡ ಕೇಳುತ್ತಿತ್ತು.

‘ನನ್ನ ಮುಂದ, ಮುಳುಗಿದ ಊರಾಗ ನಮ್ಮ ಹಳೇ ಮನಿ ಎಡಗಡೆ ಗ್ವಾಡಿಗೆ ಹತ್ತಿ ಇದ್ದಾವರು ನಿಂತಿದ್ರು. ಹಿಂದ ಬಲಗಡೆ ಮನಿಯವರು. ಅವರ ಹಿಂದ ಊರ ಅಗಸಿ ಬಾಗಲಾಗಿನವರು. ನಡುವ ಎಷ್ಟು ವರ್ಷ ಆಗಿತ್ತು, ಎಲ್ಲಾರನ್ನೂ ಒಂದ ಕಡೆ ನೋಡಿ. ಮಾತಾಡಕೊಂತ ನಿಂತಿದ್ವಿ. ಲಗೂನ ಮುಂದ ಹೋಗಿ ಏನ್ ಮಾಡೂದಿತ್ತು ತಂಗಿ?’